ತುಳಸಿಕಟ್ಟೆ ಏರಿದ ಕುಳ್ಳ ಎಲ್ಮ್

ಸಿಟ್ಟು ಪಾಪವೆಂದು ನನಗೂ ಗೊತ್ತು. ಆದರೆ ದೇವರು ನನಗೆ ಸಿಟ್ಟನ್ನೂ ಕೊಟ್ಟು, ಗಿಡದ ಹುಚ್ಚಿನ ಗಂಡನನ್ನೂ ಕೊಟ್ಟ ಮೇಲೆ, ಆ ಪಾಪದಲ್ಲಿ ದೇವರಿಗೂ ಒಂದು ಪಾಲಿರಲೇಬೇಕು. ಹಾಲು ಒಡೆಯಲಿಲ್ಲ, ಸೌದೆ ಹೊಗೆಯಾಡಲಿಲ್ಲ ಎಂದು ಸಣ್ಣಪುಟ್ಟದ್ದಕ್ಕೆಲ್ಲ ಕೈಮುಗಿಯುವ ನನ್ನನ್ನು ಕೆರಳಿಸಿದ್ದು ಒಂದು ಗೇಣುದ್ದದ ಮರ.

ವರ್ಗವಾಗಿ ಹೊರಟ ಮೇಲಧಿಕಾರಿಯೊಬ್ಬರು ನಮ್ಮ ಯಜಮಾನರಿಗೆ ಅದನ್ನು ಕುಂಡದ ಸಮೇತ ಕೊಟ್ಟರು. ಎಲ್ಮ್ ಎಂಬ ಪರದೇಶದ ಮರ, ಅದರಲ್ಲೂ ಕುಳ್ಳು ಜಾತಿಯಂತೆ. ಪುಟ್ಟ ಎಲೆಗಳ ಮೇಲೆಲ್ಲ ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆ. ಪೂಜೆಗಿಲ್ಲ, ಸಾರಿಗಿಲ್ಲ. ಯಲಹಂಕದ ನಮ್ಮ ಅಂಗಳದಲ್ಲಿ ಎಳೆಬಿಸಿಲು ಬೀಳುವುದು ತುಳಸಿಕಟ್ಟೆಯ ಮೇಲೆ ಮಾತ್ರ. ಒಂದು ಬೇಸಿಗೆಯ ಭಾನುವಾರ ಇವರು ತುಳಸಿಯ ಕುಂಡವನ್ನೆತ್ತಿ ಬಚ್ಚಲೊಲೆಯ ಗೋಡೆಯ ಹಿಂದಿಟ್ಟು, ಎಲ್ಮನ್ನು ಕಟ್ಟೆಗೇರಿಸಿದರು.

“ಹದಿನೈದೇ ದಿನ ಕಣೇ, ಬೇರೂರ್ಲಿ.”

“ನಿಮ್ಮಮ್ಮನ್ನ ಕೂರಿಸ್ತಿದ್ರಾ ಬಚ್ಚಲ ಹಿಂದೆ ಹದಿನೈದು ದಿನ?”

ಒಳಗಿದ್ದ ಅತ್ತೆ, “ನನ್ನನ್ಯಾಕೆ ಎಳೀತೀಯೇ?” ಎಂದು ಕೂಗಿದರು.

ಎಲ್ಮಿಗೆ ಮಾಡುವ ಉಪಚಾರ ನೋಡಿದರೆ ಇನ್ನೂ ಸಿಟ್ಟು. ಚುಕ್ಕೆಯಿಲ್ಲದ ಹಸಿರು ಚಿಗುರು ಬಂದರೆ ಚಿವುಟಿ ಎಸೆಯುವರು. ಬಿಟ್ಟರೆ ಗಿಡವೆಲ್ಲ ಬರೀ ಹಸಿರಾಗಿಬಿಡುತ್ತದಂತೆ! ಬಾಗಲೂರಿನಿಂದ ಮೊಸರು ತರುವ ಮುನಿಯಮ್ಮ ಕುಕ್ಕೆ ಇಳಿಸಿ ನೋಡಿದಳು. “ಇದೇನ್ರವ್ವಾ, ನಿಮ್ಮೆಜಮಾನ್ರು ರೋಗದೆಲೆ ಮಡಗಿ ಒಳ್ಳೇ ಎಲೆ ಕಿತ್ತಾಕ್ತಾರೆ? ಇಂಗಾದ್ರೆ ಸಂಸಾರ ಎಂಗೆ?” ಆ ಮಾತನ್ನು ನಾನು ಮೂರು ಮನೆಗೆ ಹಂಚಿದೆ.

ತುಳಸಿಯನ್ನಿಟ್ಟ ಬಚ್ಚಲ ಹಿಂದಿನ ಮೂಲೆಯತ್ತ ನೋಡಲೂ ಹೊಟ್ಟೆ ಉರಿಯುತ್ತಿತ್ತು. ಶುಕ್ರವಾರ ನೋಡಿದರೆ ತುಳಸಿ ಎಲೆ ಸುರುಟಿಕೊಂಡು ತಲೆ ಬಾಗಿಸಿದ್ದಳು. ಮದುವೆಯಾಗಿ ಬಂದ ವರ್ಷ ನನ್ನ ಕೈಯಾರೆ ನೆಟ್ಟವಳು.

“ಕೊಂದ್ರಲ್ರೀ ತಾಯೀನ!” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

ಇವರು ಓಡಿಬಂದು ಮಣ್ಣು ಮುಟ್ಟಿದರು. “ಕಲ್ಲಾಗಿದೆ. ನೀರು ಹಾಕಿಲ್ವೇನೇ?”

“ದಿನಾ ಸ್ನಾನ ಆದ ತಕ್ಷಣ ಒಂದು ಚೊಂಬು ಹುಯ್ತೀನಿ!”

“ಹುಯ್ತೀಯ, ಕಟ್ಟೆ ಮೇಲೆ. ಕಣ್ಣು ಮುಚ್ಕೊಂಡು, ಸ್ತೋತ್ರ ಹೇಳ್ತಾ, ಎಲ್ಮ್‌ಗೆ. ಮೂರು ಸುತ್ತೂ ಬರ್ತೀಯ. ಸಿಟ್ಟು ಇಳೀತು ಅಂತ ನಾನೂ ಸುಮ್ನಿದ್ದೆ.”

ತಿರುಗಿ ನೋಡಿದೆ. ಕುಳ್ಳನ ಬುಡದ ಮಣ್ಣು ಒದ್ದೆಯಾಗಿ ಮಿನುಗುತ್ತಿತ್ತು.

ತುಳಸಿ ಆ ಗಳಿಗೆಯೇ ಕಟ್ಟೆಗೆ ಮರಳಿದಳು. ಎರಡು ಚೊಂಬು ನೀರಿಗೆ ತುದಿಯ ಎಲೆಗಳು ಮೆಲ್ಲಗೆ ಬಿಚ್ಚಿಕೊಂಡವು. ಅಷ್ಟು ಕರುಣೆ ನನ್ನ ಯೋಗ್ಯತೆಗೆ ಹೆಚ್ಚೇ. ಸಿಟ್ಟು ಮಾತ್ರ ಇಳಿಯಲಿಲ್ಲ. ಮಧ್ಯಾಹ್ನವೆಲ್ಲ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ.

“ಈಗ ಯಾರ ಮೇಲಮ್ಮಾ?” ಎಂದರು ಅತ್ತೆ.

ಉತ್ತರ ಗೊತ್ತಿತ್ತು. ಇನ್ನೊಂದು ಪಾತ್ರೆ ಕುಕ್ಕಿದೆ.