ವೇಷ ಹಾಕದವನಿಗೆ ಮೊದಲ ಬಹುಮಾನ

ವೇಷಭೂಷಣ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ಇದರಲ್ಲಿ ಅಳುವಂಥದ್ದೇನಿದೆ ಎಂದು ನೀವು ಕೇಳಬಹುದು. ಸ್ವಾಮಿ, ನಾನು ವೇಷವನ್ನೇ ಹಾಕಿರಲಿಲ್ಲ.

ನನ್ನ ಹೆಂಡತಿ ಬೊಗ್ನಾ ಇಪ್ಪತ್ತೆರಡು ವರ್ಷ, ಒಂದು ಬೇಸಿಗೆಯೂ ತಪ್ಪದೆ, ತೊರೂನ್ ಪಟ್ಟಣದ ಶಾಲೆಯೊಂದರಲ್ಲಿ ನಡೆಯುವ ವಿಜ್ಞಾನ ಕತೆಗಳ ಸಮ್ಮೇಳನಕ್ಕೆ ಹೋಗುತ್ತಿದ್ದಳು. ಮೂರು ದಿನ ತರಗತಿಯ ನೆಲದ ಮೇಲೆ ಮಲಗಿ, ತಾನು ಬರೆದ ಕತೆ ಓದಿ, ಬೇರೆಯವರ ಕತೆ ಕೇಳಿ ಬರುತ್ತಿದ್ದಳು. "ಈ ಸಲ ನೀವೂ ಬನ್ರೀ" ಅನ್ನುತ್ತಿದ್ದಳು. ಭೂಮಿಯವರ ಜೊತೆ ಏಗುವುದೇ ಸಾಕಾಗಿದೆ, ಅನ್ಯಗ್ರಹದವರ ಸಹವಾಸ ಬೇರೆ ಯಾಕೆ ಎಂದು ನಾನು ಸೋಫಾದಿಂದ ಏಳದೆಯೇ ಹೇಳುತ್ತಿದ್ದೆ. (ಅದು ಬಲು ಚೆನ್ನಾದ ಜೋಕು ಅನ್ನಿಸುತ್ತಿತ್ತು. ಇಪ್ಪತ್ತೆರಡು ಸಲವೂ.) ಅವಳು ಏನು ಬರೆಯುತ್ತಿದ್ದಾಳೆ ಎಂದು ಒಮ್ಮೆಯೂ ಕೇಳಲಿಲ್ಲ.

ಮಾರ್ಚಿನಲ್ಲಿ ಬೊಗ್ನಾ ತೀರಿಕೊಂಡಳು. ಬರೆದ ಹಾಳೆಗಳೆಲ್ಲ ಅವಳ ಗೆಳತಿ ಲುಡ್ವಿಕಾಳ ಹತ್ತಿರ ಇದ್ದವು. ಜುಲೈ ಸಮ್ಮೇಳನದಲ್ಲಿ ಅವಳದೊಂದು ಕತೆ ಓದುತ್ತೇವೆ, ಕೇಳಬೇಕಾದರೆ ಬನ್ನಿ ಎಂದಳು ಲುಡ್ವಿಕಾ. ಕೇಳಲೇಬೇಕಿತ್ತು. ಬೊಗ್ನಾಳ ಮಾತು ಅಂತ ಉಳಿದದ್ದು ಅದೊಂದೇ.

ನಮ್ಮ ಕಡೆ ಶಾಲೆ ಅಂದಮೇಲೆ ಬೂಟು ಬಾಗಿಲಲ್ಲೇ ಬಿಚ್ಚಬೇಕು, ಒಳಗೆ ಮನೆಯ ಚಪ್ಪಲಿ. ಒಂದನೇ ತರಗತಿಯಲ್ಲಿ ಕಲಿತ ಸನಾತನ ಧರ್ಮ. ಹಾಗಾಗಿ ನನ್ನ ಚೌಕಳಿ ಬಟ್ಟೆಯ ಚಪ್ಪಲಿ ಚೀಲದಲ್ಲಿ ಒಯ್ದಿದ್ದೆ. ಅದನ್ನು ಮೆಟ್ಟಿ, ಮೊಣಕೈ ಹರಿದ ಕಂದು ಸ್ವೆಟರಿನಲ್ಲಿ (ಹೊಲಿಯುವವಳು ಇಲ್ಲ) ಒಳಗೆ ಹೋದರೆ ತಗಡಿನ ಕವಚದವರು, ಮೂರು ಕಣ್ಣಿನವರು, ಎಲ್ಲರೂ ಬೂಟಿನಲ್ಲೇ ಓಡಾಡುತ್ತಿದ್ದರು. ನನ್ನ ಕಾಲು ನೋಡಿದ್ದೇ ತಡ, ಎಲ್ಲೆಲ್ಲೂ ಗುಜುಗುಜು. ಹಸಿರು ಮುಖದ ಹುಡುಗಿಯೊಬ್ಬಳು ನನ್ನ ಜೊತೆ ಫೋಟೊ ತೆಗೆಸಿಕೊಂಡಳು. ಎಂಥ ಮರ್ಯಾದಸ್ಥ ಜನ ಅಂದುಕೊಂಡೆ. ಸಂಜೆ ನನ್ನನ್ನು ವೇದಿಕೆ ಹತ್ತಿಸಿ, ತಗಡಿನ ರಾಕೆಟ್ಟೊಂದನ್ನು ಕೈಗಿಟ್ಟು ಚಪ್ಪಾಳೆ ತಟ್ಟಿದರು.

"ಇದು ಯಾವ ವೇಷಕ್ಕಮ್ಮಾ?" ಎಂದು ಲುಡ್ವಿಕಾಳನ್ನು ಕೇಳಿದೆ.

"ಬುರ್ಬುಲ್ ವೇಷಕ್ಕೆ, ಸೆವೆರಿನ್ ಅವರೇ. ಬೊಗ್ನಾ ಕತೆಗಳ ಪ್ರಾಣಿ. ಸೋಫಾ ಗ್ರಹದಲ್ಲಿರುತ್ತೆ. ಚೌಕಳಿ ಪಾದ, ಕಂದು ಮೈ. ಬೀಟ್ರೂಟ್ ಸಾರು ತಣ್ಣಗಾಗಿದೆ ಅಂತ ಗೊಣಗೋದು ಬಿಟ್ರೆ ಬೇರೆ ಮಾತು ಬರಲ್ಲ. ಇಲ್ಲಿ ಎಲ್ರಿಗೂ ಅದಂದ್ರೆ ಪ್ರಾಣ."

ಇಪ್ಪತ್ತೆರಡು ವರ್ಷ ನನ್ನ ಮಾನ ಇಲ್ಲಿ ಹರಾಜಾಗಿತ್ತು! ಕೋಪ ಬರಬೇಕಿತ್ತು, ಬರಲಿಲ್ಲ. (ಜಗಳಕ್ಕೂ ಎದುರಿಗೆ ಜನ ಬೇಕಲ್ಲ.) ಕತೆ ಹೇಗೆ ಮುಗಿಯುತ್ತೆ ಎಂದು ಕೇಳಿದೆ.

"ಎಲ್ಲಾ ಕತೆನೂ ಒಂದೇ ಥರ. ಹೆಂಡ್ತಿ ಆಕಾಶನೌಕೆ ಹತ್ತಿ ದೂರ ಹೋಗಿರ್ತಾಳೆ. ಬುರ್ಬುಲ್ ಎದ್ದು, ಕಾಲೆಳೆದುಕೊಂಡು, ಅವಳನ್ನ ಹುಡುಕ್ಕೊಂಡು ಬರುತ್ತೆ." ಲುಡ್ವಿಕಾ ಕನ್ನಡಕ ಒರೆಸಿಕೊಂಡಳು. "'ಉಳಿದಿದ್ದೆಲ್ಲ ನಮ್ಮನೇದೇ, ಇದೊಂದು ಮಾತ್ರ ಕಲ್ಪನೆ' ಅಂತ ಬೊಗ್ನಾ ನಗ್ತಿದ್ಲು. ನಾವೂ ನಗ್ತಿದ್ವಿ."

ಆಮೇಲೆ ಕತೆ ಓದಿದರು. ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬುರ್ಬುಲ್ ಹೆಂಡತಿಯನ್ನು ಹುಡುಕಿಕೊಂಡು ಬರುವ ಕೊನೆಯ ಸಾಲಿಗೆ ಮಾತ್ರ ಯಾರೂ ನಗಲಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಬಂದಿದ್ದೇನೋ ನಿಜ, ನಾಲ್ಕು ತಿಂಗಳು ತಡವಾಗಿ.