ಅಳವಂಡಿಯ ಪ್ಯಾಸೇಜ್ ಪುರಾಣ

"ಹತ್ತು ಮಾರ್ಕು ಏನ್ ಮಹಾ! ಕಣ್ಣು ಮುಚ್ಚಿ ತರಸ್ತೀನಿ, ನೋಡ್ತಿರು!" ಎಂದು ದೇವೇಂದ್ರಪ್ಪ ಎದೆ ತಟ್ಟಿಕೊಂಡ. ಮಧ್ಯಾಹ್ನದ ಊಟ ಮುಗಿಸಿ ಅಡ್ಡಾಗಿದ್ದರಿಂದ ಆ ಹೊತ್ತಿಗೆ ಅವನ ಕಣ್ಣುಗಳು ನಿಜವಾಗಿಯೂ ಮುಚ್ಚಿಯೇ ಇದ್ದವು!

ದೇವೇಂದ್ರಪ್ಪನದು ಅಳವಂಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ. ಹೆಂಡತಿ ಸುರೇಖಾ ಮದುವೆಗೆ ಮೊದಲು ಪಿಯುಸಿಯಲ್ಲಿ ಬೇರೆಲ್ಲ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದವಳು. ಈಗ ಓಣಿಯ ಅಂಗನವಾಡಿಗೆ ಕಾರ್ಯಕರ್ತೆಯನ್ನು ತೆಗೆದುಕೊಳ್ಳುತ್ತಾರೆಂಬ ಸುದ್ದಿ ಹಬ್ಬಿತ್ತು. ಅರ್ಜಿ ಹಾಕಲು ಪಿಯುಸಿ ಪಾಸಾಗಿರಲೇಬೇಕು. ಈ ಸಲ ಇಂಗ್ಲಿಷ್ ದಾಟಿದರೆ ಅಂಗನವಾಡಿ, ದಾಟದಿದ್ದರೆ ಬದುಕೆಲ್ಲ ಗೊಬ್ಬರದ ಚೀಲಕ್ಕೆ ಕಾವಲು! ಬೇರೆಲ್ಲ ಹೇಗೋ ಬರೆಯುತ್ತಿದ್ದಳು. ಹತ್ತು ಮಾರ್ಕಿನ ಪ್ಯಾಸೇಜ್ ಓದಿ ಅದರ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯುವುದೊಂದು ಒಲಿದಿರಲಿಲ್ಲ.

"ಪ್ಯಾಸೇಜ್ ನೋಡಿದ್ರ ಸಾಕು, ಕಣ್ಣಿಗೆ ಕತ್ತಲಿ ಬರ್ತೈತ್ರಿ. ಕೆಳಗಿನ ಸಾಲಿಗೆ ಬರೂದ್ರಾಗ ಮ್ಯಾಲಿನ ಸಾಲು ಮರ್ತಿರ್ತೀನಿ" ಎಂದಳು ಸುರೇಖಾ.

"ನಾ ಧಾರವಾಡದಾಗ ಬಿ.ಎ. ಮಾಡೀನಿ! ನನಗ ಇಂಗ್ಲಿಷ್ ಅಂದ್ರ ನಮ್ಮ ಅಂಗಡಿ ಹಮಾಲ ಇದ್ದಂಗ. ಎತ್ತು ಅಂದ್ರ ಎತ್ತತೈತಿ, ಇಳಸು ಅಂದ್ರ ಇಳಸ್ತೈತಿ!"

ಆ ಬಿ.ಎ. ಮುಗಿಯಲು ಎಷ್ಟು ವರ್ಷ ಹಿಡಿಯಿತೆಂದು ಸುರೇಖಾ ಕೇಳಲಿಲ್ಲ. ಸಂಸಾರ ನಡೆಯಬೇಕಲ್ಲ!

ಕೊಪ್ಪಳದಿಂದ ದಪ್ಪನೆಯ ಗೈಡ್ ಬಂತು. ತೆರೆದು ನೋಡಿದರೆ ಬರೀ ಆರೋಗ್ಯ ಮತ್ತು ಪರಿಸರ. ಒಂದು ಪುಟದಲ್ಲಿ ಸೊಳ್ಳೆ, ಇನ್ನೊಂದರಲ್ಲಿ ಸಕ್ಕರೆ ಕಾಯಿಲೆ, ಮತ್ತೊಂದರಲ್ಲಿ ಹೊಗೆ. ಆ ಗೈಡ್ ಬರೆದ ಪುಣ್ಯಾತ್ಮನ ಕಣ್ಣಿಗೆ ಗಟ್ಟಿಮುಟ್ಟಾದ ಒಬ್ಬ ಮನುಷ್ಯನಾಗಲಿ, ಸ್ವಚ್ಛವಾದ ಒಂದು ಹಳ್ಳವಾಗಲಿ ಬಿದ್ದೇ ಇರಲಿಲ್ಲವೆಂದು ಕಾಣುತ್ತದೆ!

ದೇವೇಂದ್ರಪ್ಪನ ಪಾಠಕ್ರಮ ಬಹಳ ಸರಳ. ಆಕೆ ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಓದಬೇಕು, ಇವನು ಕನ್ನಡದಲ್ಲಿ ಅರ್ಥ ಹೇಳಬೇಕು. ಮನೆಯೊಳಗೆ ಕರೆಂಟಿಲ್ಲದೆ ಬೆವರು ಕಿತ್ತುಕೊಂಡು ಬರುತ್ತಿದ್ದುದರಿಂದ ಸಂಜೆ ಹೊತ್ತಿಗೆ ಈ ವಿದ್ಯಾಪೀಠ ಮನೆ ಮುಂದಿನ ಕಟ್ಟೆಯ ಮೇಲೆ ಸ್ಥಾಪನೆಯಾಯಿತು. ಸುರೇಖಾ ಒಂದೊಂದು ಶಬ್ದಕ್ಕೂ ತಡವರಿಸಿದಳು. "ದಿ ಕೌ" ಎಂದವಳು ಮುಂದಿನ ಶಬ್ದ ಸಿಗುವವರೆಗೆ ಆ "ಕೌ"ವನ್ನು ಬಿಡಲೇ ಇಲ್ಲ. ಎಳೆದೂ ಎಳೆದೂ ಅದಕ್ಕೊಂದು ರಾಗವೇ ಬಂತು! ದೇವೇಂದ್ರಪ್ಪನಿಗೋ ಅರ್ಥ ಹೇಳುವ ರೀತಿ ಗೊತ್ತಿದ್ದದ್ದು ಒಂದೇ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ನಡೆಯುವಾಗ ಒಬ್ಬರು ಪದ್ಯ ಹಾಡಿದರೆ ಶಾಸ್ತ್ರಿಗಳು ಕೈ ಎತ್ತಿ, ಕಣ್ಣರಳಿಸಿ ಅರ್ಥ ಬಿಡಿಸುತ್ತಾರಲ್ಲ, ಅದೇ ರೀತಿ.

"ಕೇಳುವಂಥವಳಾಗು ಸುರೇಖಾ! ಒಂದಾನೊಂದು ಪಟ್ಟಣದೊಳಗ ಒಂದು ಆಕಳು. ಮೇವಿಲ್ಲ, ನೀರಿಲ್ಲ! ಕಸದ ತೊಟ್ಟಿಯೊಳಗಿನ ಪ್ಲಾಸ್ಟಿಕ್ಕನ್ನು ಹುಲ್ಲಂತ ತಿಳಿದು ಮೇದುಬಿಟ್ಟಿತಲ್ಲಾ, ಹರಹರಾ!"

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವನ ತಾಯಿ ಕಳಕಮ್ಮ ಮೊರವನ್ನು ಕೆಳಗಿಟ್ಟು ಹೊರಗೆ ಬಂದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಮುಂದ ಏನಾತೋ ಯಪ್ಪಾ ಅದಕ್ಕ?" ಎಂದಳು.

"ಡಾಕ್ಟರು ಹೊಟ್ಟಿ ಕೊಯ್ದು ಎಲ್ಲಾ ತಗದ್ರು ಬೇ. ಬದುಕ್ತು."

ಕಳಕಮ್ಮನಿಗೆ ಜೀವ ಬಂದಂತಾಯಿತು. ಅಂಥ ಸುದ್ದಿಯನ್ನು ಒಬ್ಬಳೇ ಇಟ್ಟುಕೊಳ್ಳುವುದು ಹೇಗೆ? ಮರುದಿನ ಸಂಜೆ ಪಕ್ಕದ ಮನೆಯ ಅಮರಮ್ಮ ಎಲೆಯಡಿಕೆಯ ಚೀಲ ಹಿಡಿದು ಬಂದು ಕಟ್ಟೆಯ ಬುಡದಲ್ಲಿ ಕುಳಿತಳು. ಈ ಅಮರಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಮಠದ ಪುರಾಣವನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಶಾಸ್ತ್ರಿಗಳನ್ನೇ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಗಟ್ಟಿ ಹೆಂಗಸು.

"ಏನಬೇ ಕಳಕಮ್ಮಾ, ಶ್ರಾವಣ ಇನ್ನಾ ದೂರ ಐತಿ, ಆಗಲೇ ಪುರಾಣ ಹಚ್ಚೀರಂತ?"

"ಹೂಂ ನೋಡ. ಸೊಸಿ ಓದ್ತಾಳ, ಮಗ ಅರ್ಥ ಹೇಳ್ತಾನ."

"ಯಾವ ಭಾಷಾದಾಗ ಐತಿ?"

"ಯಾರಿಗ್ಗೊತ್ತು! ಒಂದಕ್ಷರ ತಿಳಿಯಂಗಿಲ್ಲ."

"ತಿಳಿಯಂಗಿಲ್ಲಂದ್ರ ಭಾಳ ದೊಡ್ಡದ ಇರಬೇಕು ಬಿಡು" ಎಂದು ಅಮರಮ್ಮ ಕೈ ಮುಗಿದಳು.

ಬಿತ್ತನೆಗೆ ಇನ್ನೂ ಹೊತ್ತಿತ್ತು, ಓಣಿಯ ಹೆಂಗಸರಿಗೆ ಸಂಜೆ ಬಿಡುವಿತ್ತು. ಮರುದಿನ ಕಟ್ಟೆಯ ಮುಂದೆ ಜಮಖಾನೆ ಬಿತ್ತು. ಅದರ ಮರುದಿನ ದೀಪಕ್ಕೆ ಎಣ್ಣೆ, ಊದಿನಕಡ್ಡಿ, ತೆಂಗಿನಕಾಯಿ ಬಂದವು. ಆಮೇಲೆ ಕೊಟ್ರೇಶ ಬಂದ. ಅವನು ಮದುವೆ ಮುಂಜಿಗಳಿಗೆ ಮೈಕು ಬಾಡಿಗೆ ಕೊಡುವವನು. ಮುಹೂರ್ತಗಳು ಮುಗಿದು ಸುಮ್ಮನೆ ಬಿದ್ದಿದ್ದ ಮೈಕನ್ನು ಬ್ಯಾಟರಿ ಸಮೇತ ಪುಣ್ಯ ಬರಲೆಂದು ಬಿಟ್ಟಿಯಾಗಿ ಕಟ್ಟಿಸಿಕೊಟ್ಟ. ಸೊಳ್ಳೆಯ ಪ್ಯಾಸೇಜು ಬೇವಿನಮರಕ್ಕೆ ಕಟ್ಟಿದ ಹಾರ್ನಿನಿಂದ ಊರ ತುಂಬ ಮೊಳಗಿತು!

ಸುರೇಖಾ ಗಾಬರಿಯಾಗಿ ಎದ್ದು ನಿಂತಳು. "ಯವ್ವಾರ, ಇದು ಪುರಾಣ ಅಲ್ರೀ! ನನ್ನ ಪರೀಕ್ಷಿ ಪಾಠರೀ ಇದು!"

"ಇರಲೇಳ ತಂಗಿ. ದೇವರು ಪರೀಕ್ಷಿ ಮಾಡದ ಯಾರ್ನ ಬಿಟ್ಟಾನ?" ಎಂದಳು ಅಮರಮ್ಮ. "ಒಮ್ಮಿ ಹಚ್ಚಿದ ಪುರಾಣ ಮಂಗಲ ಆಗೂತನ ನಿಲ್ಲಿಸಬಾರದು. ನಡುವ ಒಂದ ಅಧ್ಯಾಯನೂ ಬಿಡಬಾರದು. ಊರಿಗೆ ಛಲೋ ಅಲ್ಲ."

ರಾತ್ರಿ ಊಟಕ್ಕೆ ಕುಳಿತಾಗ ಸುರೇಖಾ ಗಂಡನ ಮೇಲೆ ಹರಿಹಾಯ್ದಳು. "ನಾ ಇನ್ನಾ ಒಂದ ಪ್ರಶ್ನಿಗೂ ಉತ್ತರ ಬರದಿಲ್ರಿ! ಓದೂದು ನಾ, ಹೇಳೂದು ನೀವು, ಅಳೂದು ಅವರು! ಪರೀಕ್ಷಿ ಬಂದು ಬಾಗಿಲದಾಗ ನಿಂತೈತಿ. ನಾಳೆಯಿಂದ ಬಂದ್ ಮಾಡ್ರಿ."

"ಹೆಂಗ್ ಬಂದ್ ಮಾಡ್ಲಿ? ಜನ ಕೇಳಾಕ ಬರ್ತಾರ!" ಎಂದ ದೇವೇಂದ್ರಪ್ಪ. ಅವನ ದನಿಯಲ್ಲಿ ಬೇಸರದ ಸುಳಿವೂ ಇರಲಿಲ್ಲ. ಅಂಗಡಿಯಲ್ಲಿ ಸಾಲ ಕೇಳುವವರನ್ನು ಬಿಟ್ಟರೆ ಅವನ ಮಾತಿಗೆ ಯಾರೂ ಕಿವಿಗೊಟ್ಟವರಲ್ಲ. ಈಗ ಊರೇ ಕಿವಿಯಾಗಿತ್ತು. ಮರುದಿನ ಅವನು ಬಿಳಿ ಧೋತರ ಉಟ್ಟು, ಹಣೆಗೆ ವಿಭೂತಿ ಎಳೆದು ಬಂದ. ಕೂರಲು ದಿಂಬೂ ಬಂತು!

ಪುರಾಣ ಫಲ ಕೊಡತೊಡಗಿತು. ದಿನವೂ ಬಿರುಸಾಗಿ ನಡೆದರೆ ಹೃದಯಕ್ಕೆ ಒಳ್ಳೆಯದೆಂಬ ಪ್ಯಾಸೇಜು ಮುಗಿದದ್ದೇ ತಡ, ಬೆಳಗಾಗುತ್ತಲೇ ಓಣಿಯ ಮುದುಕಿಯರೆಲ್ಲ ಸೀರೆ ಎತ್ತಿಕಟ್ಟಿ ಕೊಪ್ಪಳದ ರಸ್ತೆ ಹಿಡಿದರು. ಬಸ್ಸಿನವರು ಇದೇನೋ ಪಾದಯಾತ್ರೆಯೆಂದು ಬದಿಗೆ ನಿಲ್ಲಿಸಿ ದಾರಿ ಬಿಟ್ಟರು. ಸಕ್ಕರೆಯ ಪ್ಯಾಸೇಜಿಗಂತೂ ಹೆಂಗಸರು ಸಂಕಲ್ಪವನ್ನೇ ಮಾಡಿದರು. ಮನೆಮನೆಯಲ್ಲೂ ಸಪ್ಪನೆಯ ಚಹಾ! ಗಂಡಸರು ಮುಖ ಕಿವುಚಿಕೊಂಡು ಮೆಹಬೂಬಸಾಬನ ಹೋಟೆಲಿಗೆ ಓಡಿದರು. ಅಲ್ಲಿ ಕೂರಲು ಬೆಂಚು ಸಾಲದಾಯಿತು. ಮೆಹಬೂಬಸಾಬ ಖುದ್ದಾಗಿ ಕಟ್ಟೆಗೆ ಬಂದು ದೇವೇಂದ್ರಪ್ಪನಿಗೆ ಹಾರ ಹಾಕಿದ.

"ಸಾಹುಕಾರ್ರ, ನಿಮ್ಮ ಸಕ್ರಿ ಅಧ್ಯಾಯದಿಂದ ನಮ್ಮ ಹೋಟ್ಲಿಗೆ ಬರಕತ್ ಬಂದೈತ್ರಿ! ಅದನ್ನ ಇನ್ನೊಮ್ಮಿ ಹೇಳ್ರಲ್ಲ!"

ಹೊಗಳಿಕೆ ಏರಿದಂತೆ ದೇವೇಂದ್ರಪ್ಪನ ಅರ್ಥವೂ ಉಬ್ಬಿತು. ಜನರ ಒತ್ತಾಯಕ್ಕೆ ಆಕಳ ಪ್ಯಾಸೇಜನ್ನು ಮತ್ತೆ ಹೇಳುವಾಗ ಆಕಳಿಗೆ ಗೌರಿ ಎಂಬ ಹೆಸರು ಬಂತು, ಕರು ಬಂತು, ಹೊಟ್ಟೆಯೊಳಗಿಂದ ಪ್ಲಾಸ್ಟಿಕ್ಕಿನ ಜೊತೆಗೆ ಬಂಗಾರದ ಬಳೆಯೂ ಬಂತು.

"ತಡಿ ತಮ್ಮಾ" ಎಂದು ಅಮರಮ್ಮ ಕೈ ಅಡ್ಡ ಹಿಡಿದಳು. "ಮೊನ್ನೆ ಬಳಿ ಇದ್ದಿದ್ದಿಲ್ಲ. ಇವತ್ತು ಎಲ್ಲಿಂದ ಬಂತು? ಯಾರ ಬಳಿ ಅದು? ಆಕಿ ಹುಡುಕಲಿಲ್ಲೇನು?"

ಪುರಾಣಿಕ ಮೈಕಿನ ವೈರು ಸರಿಮಾಡತೊಡಗಿದ. ಸುರೇಖಾ ಗೈಡಿನೊಳಗೆ ಕಣ್ಣಾಡಿಸಿ, "ಬಳಿ ಇಲ್ರೀ ಅತ್ತಿ. ಬರೇ ಪ್ಲಾಸ್ಟಿಕ್ ಚೀಲ, ಹಗ್ಗ, ಒಂದೆರಡು ಮೊಳಿ ಇದ್ವು ಅಂತೈತಿ" ಎಂದಳು. ಅಂದಿನಿಂದ ಅಮರಮ್ಮ ದೇವೇಂದ್ರಪ್ಪನ ಅರ್ಥವನ್ನು ಪೂರ್ತಿ ಕೇಳುವಳು, ಆಮೇಲೆ ಸುರೇಖಾಳ ಕಡೆ ತಿರುಗಿ "ಖರೇ ಏನವ್ವ?" ಎನ್ನುವಳು. ಉಳಿದ ಹೆಂಗಸರೂ ಇದನ್ನೇ ಹಿಡಿದರು. ಸುರೇಖಾ ಉತ್ತರ ಹುಡುಕಲು ಮೊದಮೊದಲು ಪುಟವೆಲ್ಲ ಬೆರಳಾಡಿಸುತ್ತಿದ್ದಳು. ಬರಬರುತ್ತ ಕಣ್ಣು ತಾನಾಗಿಯೇ ಸಾಲಿನ ಮೇಲೆ ಹೋಗಿ ನಿಲ್ಲುತ್ತಿತ್ತು. ದೇವೇಂದ್ರಪ್ಪನಿಗೆ ಇದು ಸರಿಬರಲಿಲ್ಲ. "ಅರ್ಥ ಹೇಳಾಂವ ನಾನೋ ಆಕಿನೋ?" ಎಂದು ಒಂದೆರಡು ಸಲ ಮೈಕಿನಲ್ಲೇ ಗುರುಗುಟ್ಟಿದ.

ಕಡೆಗೆ ಮಂಗಲದ ದಿನ ಬಂತು. ಮೆಹಬೂಬಸಾಬನ ಚಹಾ ಇದೆಯೆಂದು ಗಂಡಸರೂ ಬಂದು ಕುಳಿತರು. ಸುರೇಖಾ ಗೈಡಿನ ಕಡೆಯ ಪ್ಯಾಸೇಜು ತೆರೆದು ಓದತೊಡಗಿದಳು. ಮೂರನೆಯ ಸಾಲಿಗೇ ದೇವೇಂದ್ರಪ್ಪನ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯಿತು. ಪ್ಯಾಸೇಜು ರಾಸಾಯನಿಕ ಗೊಬ್ಬರ ಅತಿಯಾದರೆ ಮಣ್ಣಿಗೂ ನೀರಿಗೂ ಆಗುವ ಕೇಡಿನ ಬಗ್ಗೆ ಇತ್ತು! ಎದುರಿಗೆ ಕೂತವರೆಲ್ಲ ಅವನ ಗಿರಾಕಿಗಳು. ಅಂಗಡಿಯಲ್ಲಿ ಮುಂಗಾರಿಗೆಂದು ತರಿಸಿದ ಯೂರಿಯಾ ಮಾಡು ಮುಟ್ಟಿತ್ತು!

ಹಿಂದಿನ ದಿನವೇ ಪುಟ ತಿರುವಿ ನೋಡಿದ್ದರೆ ಜ್ವರವನ್ನಾದರೂ ತಂದುಕೊಳ್ಳಬಹುದಿತ್ತು. ನೋಡಿದ್ದರಲ್ಲವೇ! ಸುರೇಖಾ ಉದ್ದಕ್ಕೂ ಓದಿ ನಿಲ್ಲಿಸಿದಳು. ದೇವೇಂದ್ರಪ್ಪ ಕೆಮ್ಮಿ, ಕೈ ಎತ್ತಿ, "ಗೊಬ್ಬರ ಅಂದ್ರ ಭೂಮಿತಾಯಿಗೆ ಅಮೃತ! ಎಷ್ಟು ಹಾಕಿದ್ರೂ ಕಡಿಮಿ! ಹರಹರಾ! ಮಂಗಲಂ!" ಎಂದು ಒಂದೇ ಉಸಿರಿಗೆ ಮುಗಿಸಿ ತೆಂಗಿನಕಾಯಿಗೆ ಕೈ ಹಾಕಿದ.

"ಕಾಯಿ ಇಡು" ಎಂದಳು ಅಮರಮ್ಮ. "ಆಕಿ ಅಷ್ಟುದ್ದ ಓದಿದ್ಲು, ನೀ ಇಷ್ಟ ಹೇಳಿದಿ. ಉಳಿದದ್ದು ಎಲ್ಲಿ ಹೋತು? ತಂಗಿ ಸುರೇಖಾ, ಪುಸ್ತಕದಾಗ ಏನೈತಿ ನೀ ಹೇಳು."

ಸುರೇಖಾ ಗಂಡನ ಮುಖ ನೋಡಿದಳು. ಅವನು ಕಣ್ಣಿನಲ್ಲೇ ಬೇಡಿಕೊಂಡ. ಆಕೆಗೆ ಅಂಗಡಿ ನೆನಪಾಯಿತು, ಮನೆ ನಡೆಯುವುದೇ ಅದರಿಂದ ಎಂಬುದೂ ನೆನಪಾಯಿತು. ಆದರೆ ಪ್ಯಾಸೇಜು ತಲೆಯೊಳಗೆ ಮೊದಲ ಸಲ ಕನ್ನಡಿಯಂತೆ ತಿಳಿಯಾಗಿ ನಿಂತಿತ್ತು, ಅದನ್ನು ನುಂಗಿಕೊಳ್ಳಲು ಅವಳಿಂದಾಗಲಿಲ್ಲ.

"ಅಳತಿ ಮೀರಿ ಹಾಕಬ್ಯಾಡ್ರಿ ಅಂತೈತಿ, ಅತ್ತಿ."

"ಹಾಕಿದ್ರ ಏನಾಕ್ಕೈತಿ?"

"ಮಣ್ಣು ಸತ್ವ ಕಳಕೋತೈತಿ. ಎರಿಹುಳ ಸಾಯ್ತಾವ."

"ಹೆಚ್ಚಾದದ್ದು ಎಲ್ಲಿ ಹೋಕ್ಕೈತಿ?"

"ಮಳಿ ನೀರಿನ ಕೂಡ ಹಳ್ಳಕ್ಕ. ಅಲ್ಲಿಂದ ನಾವು ಕುಡಿಯೂ ನೀರಿಗೆ."

"ಹಂಗಾರ ಪೂರಾ ಬಿಡಬೇಕಂತೇನು?"

"ಹಂಗಂದಿಲ್ರೀ. ಮಣ್ಣು ಪರೀಕ್ಷಿ ಮಾಡಿಸಿ ಬೇಕಾದಷ್ಟ ಹಾಕ್ರಿ, ತಿಪ್ಪಿಗೊಬ್ಬರ ಕೂಡಿಸ್ರಿ ಅಂದೈತಿ."

ಸುರೇಖಾ ಈ ಉತ್ತರಗಳನ್ನು ಹೇಳುವಾಗ ಗೈಡ್ ಮುಚ್ಚಿತ್ತು. ದೇವೇಂದ್ರಪ್ಪ ಅದನ್ನು ಕಸಿದುಕೊಂಡು ಪುಟ ಹುಡುಕಿ ಪ್ಯಾಸೇಜಿನ ಕೆಳಗೆ ನೋಡಿದ. ಅಮರಮ್ಮ ಕೇಳಿದ್ದೆಲ್ಲ ಅಲ್ಲಿ ಪ್ರಶ್ನೆಗಳಾಗಿ ಅಚ್ಚಾಗಿತ್ತು! ಹೆಂಡತಿಯ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಅವನು ತೆಂಗಿನಕಾಯಿ ಒಡೆದ.

ಮರುದಿನದಿಂದ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಟವೆಲಿನ ತುದಿಯಲ್ಲಿ ತಮ್ಮ ಹೊಲದ ಮಣ್ಣು ಕಟ್ಟಿಕೊಂಡು ಬರತೊಡಗಿದರು. "ಮೊದ್ಲ ಇದನ್ನ ನೋಡ್ರಿ ಪುರಾಣಿಕರ, ಆಮ್ಯಾಲ ಚೀಲದ ಮಾತು!" ಗಲ್ಲೆಯ ಮೇಲೆ ಕರಿಮಣ್ಣಿನ ಗುಡ್ಡೆಗಳೆದ್ದವು. ದೇವೇಂದ್ರಪ್ಪ ಅವನ್ನು ಪೊಟ್ಟಣ ಕಟ್ಟಿ ಕೊಪ್ಪಳದ ಮಣ್ಣು ಪರೀಕ್ಷೆಗೆ ಒಯ್ಯುವ ಉಚಿತ ಸೇವೆಗೆ ನಿಂತ.

ಸುರೇಖಾ ಪರೀಕ್ಷೆ ಬರೆದು ಬಂದಳು. ಫಲಿತಾಂಶದ ದಿನ ಮೊಬೈಲಿನಲ್ಲಿ ನಂಬರು ಒತ್ತಿ ನೋಡಿದ ದೇವೇಂದ್ರಪ್ಪ ಅಂಗಡಿ ಬಿಟ್ಟು ಮನೆಗೆ ಓಡಿ ಬಂದ. ಪಾಸು! ಕಟ್ಟೆಯ ಮುಂದೆ ಆಗಲೇ ಹೆಂಗಸರು ನೆರೆದಿದ್ದರು. ವಿದ್ಯೆ ಕೊಟ್ಟವರ ಕಾಲಿಗೆ ಬೀಳುವುದು ರೂಢಿಯಲ್ಲವೆ? ಅವನು ಕುರ್ಚಿ ಹಾಕಿಸಿ, ಧೋತರ ಸರಿಮಾಡಿಕೊಂಡು, ಎರಡೂ ಪಾದಗಳನ್ನು ಅನುಕೂಲವಾಗುವಂತೆ ಮುಂದೆ ಚಾಚಿ ಕುಳಿತ.

ಸುರೇಖಾ ಸಕ್ಕರೆಯ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಅತ್ತೆ ಕಳಕಮ್ಮನ ಕಾಲಿಗೆ ಬಿದ್ದಳು. ಆಮೇಲೆ ಗಂಡನ ಪಾದಗಳನ್ನು ಜೋಪಾನವಾಗಿ ದಾಟಿಕೊಂಡು ಹೋಗಿ ಅಮರಮ್ಮನ ಕಾಲಿಗೆ ಬಿದ್ದಳು.

"ಪರೀಕ್ಷಿ ಭಾಳ ಹಗುರ ಇತ್ರೀ ಅತ್ತಿ. ನಿಮ್ಮಷ್ಟು ಬಿಗಿ ಯಾರೂ ಕೇಳಿದ್ದಿಲ್ಲ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಚಾಚಿದ ಕಾಲನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ತಿಳಿಯದೆ ದೇವೇಂದ್ರಪ್ಪ ಆಕಾಶ ನೋಡಿದ. ಅಮರಮ್ಮನಿಗೆ ಅವನನ್ನು ಕಂಡು ಅಯ್ಯೋ ಅನ್ನಿಸಿತು. ಒಂದು ಚಿಟಿಕೆ ಸಕ್ಕರೆಯನ್ನು ಅವನ ಬಾಯಿಗೂ ಹಾಕಿ ತಲೆ ಸವರಿದಳು.

"ಮಾರಿ ಸಣ್ಣದು ಮಾಡಬ್ಯಾಡ ತಮ್ಮಾ. ಇದ್ರಾಗ ನಿಂದೂ ಪಾಲು ಐತಿ. ನೀ ಸರಿಯಾಗಿ ಅರ್ಥ ಹೇಳಿದ್ದಿ ಅಂದ್ರ ನಾವು ಒಂದ ಪ್ರಶ್ನಿನೂ ಕೇಳ್ತಿದ್ದಿಲ್ಲ!"