ಸುಮ್ಮನಿದ್ದು ಹಸು ಕೊಂಡದ್ದು

ನಾನು ಮಾತು ಕಡಿಮೆ ಮಾಡಿದಷ್ಟೂ ಪೇಚುಗಳು ಹೆಚ್ಚುತ್ತವೆ. "ಅಪ್ಪ, ಏನಾದ್ರೂ ಮಾತಾಡಿ" ಎಂದು ಹೇಳಿ ಹೇಳಿ ಮಗಳು ಸೋತಿದ್ದಾಳೆ.

ಅಮೆರಿಕದ ಅಲೆನ್‌ನಲ್ಲಿ ಅವಳ ಗೃಹಪ್ರವೇಶ. ಮೊದಲು ಹಸು ಒಳಗೆ ಹೋಗಬೇಕು. ಊರಾಚೆ ಒಬ್ಬ ಐರಿಷ್ ಮುದುಕ ಹಸು ಸಾಕಿದ್ದ. ಅಳಿಯ ಕರೆದುಕೊಂಡು ಹೋದ.

"ಬಾಡಿಗೆಗೆ ಇಲ್ಲ. ಕೊಂಡುಕೋ. ಕೆಲಸ ಮುಗಿದ ಮೇಲೆ ನನಗೇ ಮಾರು. ಎರಡೂ ಸಲ ನಮ್ಮೂರ ದನದ ಸಂತೆಯ ಪದ್ಧತಿ," ಎಂದ ಮುದುಕ.

೧. ಟವೆಲ್

ಮುದುಕ ಅಂಗೈಗೆ ಉಗುಳಿ, ವ್ಯಾಪಾರಕ್ಕೆಂದು ಕೈ ಚಾಚಿದ. ನಮ್ಮ ಕಡೆ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಹೆಗಲ ಟವೆಲ್ ತೆಗೆದು ಅವನ ಕೈಮೇಲೆ ಹಾಕಿದೆ.

ಅವನು ಚೆನ್ನಾಗಿ ಕೈ ಒರೆಸಿಕೊಂಡ. "ಥ್ಯಾಂಕ್ಸ್" ಎಂದ. ಮತ್ತೆ ಉಗುಳಿದ.

೨. ಬೆಲೆ

ಹಸುವನ್ನು ಹೊರತಂದ. ಕೆಂಪು ಹಸು, ಆನೆಮರಿಯಷ್ಟು ಎತ್ತರ. ಮುದುಕ ಬೆಲೆ ಹೇಳಿದ. ನಾನು ಹಸುವನ್ನೇ ನೋಡುತ್ತಿದ್ದೆ. ಬೆಲೆ ಇಳಿಸಿದ. ಹಸು ನನ್ನತ್ತ ತಿರುಗಿತು. ಅಬ್ಬಾ, ಏನು ಕಣ್ಣು! ಇನ್ನೂ ಇಳಿಸಿದ.

ಕೊನೆಗೆ ಅಳಿಯನಿಗೆ ಹೇಳಿದ: "ನಿನ್ನ ಮಾವನಂಥ ಘಾಟಿಯನ್ನು ನಮ್ಮ ಸಂತೆಯಲ್ಲೂ ಕಂಡಿಲ್ಲ."

೩. ಕೈ

ಅವನ ಹೆಂಡತಿ ಬಂದು ಇಬ್ಬರ ಮಣಿಕಟ್ಟೂ ಹಿಡಿದು, ಚಟೀರನೆ ಕೈಗೆ ಕೈ ಹೊಡೆಸಿದಳು. ವ್ಯಾಪಾರ ಮುಗಿಯಿತು. ಕಾಗದವಿಲ್ಲ, ಸಹಿಯಿಲ್ಲ. ಮೇಲಾಗಿ, ಕೊಟ್ಟ ದುಡ್ಡಿನಲ್ಲೇ ಒಂದು ನೋಟನ್ನು ಮುದುಕ ಅದೃಷ್ಟಕ್ಕೆಂದು ನನ್ನ ಕೈಗೆ ವಾಪಸಿಟ್ಟ. ಮಾರಿದವನೇ ಕಾಣಿಕೆ ಕೊಡುವುದು!

ಅಳಿಯ ಸ್ಯಾನಿಟೈಸರ್ ತೆಗೆದ. "ಮಾವ, ಕೈ ಕೊಡಿ."

ಆ ಹೆಂಗಸು ಗದರಿದಳು: "ಒಳಗಿಡು ಅದನ್ನ! ವ್ಯಾಪಾರ ತೊಳೆದುಹೋಗುತ್ತೆ."

೪. ವಾಪಸು

ಗೃಹಪ್ರವೇಶದ ದಿನ ಹಸು ಮಹಾರಾಣಿಯ ಹಾಗೆ ಒಳಗೆ ಹೋಯಿತು. ಹೊರಗೆ ಬಂದದ್ದೇ ಪಕ್ಕದ ಮನೆಯ ಗುಲಾಬಿ ತಿಂದಿತು. ಕಾಲೊನಿಯ ಸಂಘದಿಂದ ಫೋನ್ ಬಂತು: ಸಂಜೆಯೊಳಗೆ ಹಸು ಹೋಗಬೇಕು, ಇಲ್ಲದಿದ್ದರೆ ದಂಡ.

ಮುದುಕ ಟ್ರೇಲರ್ ತಂದ. ಈಗ ಮಾರುವವನು ನಾನು. ಬೆಲೆ ಹೇಳಿದೆ. ಅವನು ಹಸುವನ್ನೇ ನೋಡುತ್ತ ನಿಂತ. ಹಸುವಿನ ಸಾಧು ಗುಣ ಹೇಳಿದೆ. ತುಟಿ ಬಿಚ್ಚಲಿಲ್ಲ. ಬೆಲೆ ಇಳಿಸಿದೆ. ಊಹೂಂ. ಕೆಚ್ಚಲು, ಕಣ್ಣು, ನಡಿಗೆ ಎಲ್ಲ ಹೊಗಳಿದೆ, ಅವನ ಹಸುವನ್ನು ಅವನಿಗೇ. ಇನ್ನೂ ಇಳಿಸಿದೆ. ಜನ್ಮದಲ್ಲಿ ಅಷ್ಟು ಮಾತಾಡಿದವನಲ್ಲ.

ಬಾಗಿಲಿನಿಂದ ಮಗಳು ಕೂಗಿದಳು:

"ಅಪ್ಪಾ, ದಮ್ಮಯ್ಯ, ಸ್ವಲ್ಪ ಸುಮ್ನಿರಿ!"